ನೆಕ್ಕರ್ ಹೊಳೆಯ ಜೊತೆ ಒಂಬತ್ತು ದಿನ

ಹೊಳೆ ಹುಟ್ಟುವ ಜಾಗ ಎಂದರೆ ನನಗೆ ಗೊತ್ತಿದ್ದದ್ದು ಅಂಬುತೀರ್ಥ. ಶರಾವತಿ ಹುಟ್ಟುವ ಆ ಪುಟ್ಟ ಕೊಳದ ಹತ್ತಿರ ಗುಡಿಯಿದೆ, ಅರಿಶಿನ ಕುಂಕುಮವಿದೆ, ನೀರು ತಲೆಗೆ ಚಿಮುಕಿಸಿಕೊಳ್ಳುವ ಜನರಿದ್ದಾರೆ. ಜರ್ಮನಿಯ ನೈರುತ್ಯ ಮೂಲೆಯ ಷ್ವೆನಿಂಗನ್‌ನಲ್ಲಿ ನೆಕ್ಕರ್ ಹೊಳೆ ಹುಟ್ಟುವಲ್ಲಿ ಇದ್ದದ್ದು ಒಂದು ಜೌಗು, ಅದರ ಮೇಲೆ ಹಾಸಿದ ಹಲಗೆಯ ದಾರಿ, ಕಷಾಯದ ಬಣ್ಣದ ನಿಂತ ನೀರು. ಈ ಜೌಗಿನ ಒಂದು ಮಗ್ಗುಲಿನ ನೀರು ನೆಕ್ಕರ್ ಸೇರಿ, ರೈನ್ ಸೇರಿ, ಉತ್ತರ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಜಲವಿಭಾಜಕ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಗೆರೆ ಎಳೆದಿದ್ದೆನೋ. ಇಲ್ಲಿ ಆ ಗೆರೆ ಹಲಗೆಯ ಕೆಳಗೆ ಪಾಚಿಯಾಗಿ ಮೆತ್ತಗೆ ಹರಡಿಕೊಂಡಿತ್ತು. ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ನಿವೃತ್ತಿಯಾದ ಮಾರನೆಯ ವರ್ಷ, ಸೆಪ್ಟೆಂಬರ್ ತಿಂಗಳಲ್ಲಿ ಸಾಗರದಿಂದ ತಮ್ಮನ ಮನೆಗೆ ಹೋಗಿದ್ದೆ. ಅವನು ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. "ಅಕ್ಕಾ, ಬಸ್ಸಲ್ಲಿ ಕೂತು ನೋಡಿದ್ರೆ ಊರು ಕಿಟಕಿಯಲ್ಲಿ ಹಾದು ಹೋಗ್ತದೆ ಅಷ್ಟೇ. ಸೈಕಲ್ ಹೊಡಿ. ಹೊಟ್ಟೆ ಹಸೀತದೆ. ಹಸಿದ ಮೇಲೇ ಇಲ್ಲಿಯವರ ಊಟ ಎಂಥದ್ದು ಅಂತ ಗೊತ್ತಾಗೋದು" ಎಂದ. ನೆಕ್ಕರ್ ಹುಟ್ಟುವಲ್ಲಿಂದ ಅದು ರೈನ್ ಸೇರುವ ಮಾನ್‌ಹೈಮ್‌ವರೆಗೆ ಹೊಳೆಯ ಪಕ್ಕದಲ್ಲೇ ಸೈಕಲ್ ದಾರಿಯಿದೆ, ಸುಮಾರು 370 ಕಿ.ಮೀ. ನನಗಾಗಿ ಬ್ಯಾಟರಿ ಸೈಕಲ್ ಬಾಡಿಗೆಗೆ ತಂದಿದ್ದ. ಅದು ಸ್ಕೂಟರಿನಂತೆ ತಾನೇ ಓಡುವುದಿಲ್ಲ. ಪೆಡಲ್ ತುಳಿದರೆ ಮಾತ್ರ ಮೋಟರು ಕೈಗೂಡಿಸುತ್ತದೆ, ಗಂಟೆಗೆ 25 ಕಿ.ಮೀ. ದಾಟಿದರೆ ಸುಮ್ಮನಾಗುತ್ತದೆ. ಲೈಸೆನ್ಸು ಬೇಡ. ಹಿಂದಿನ ಚಕ್ರದ ಎರಡೂ ಬದಿಗೆ ನೀರು ಇಳಿಯದ ಚೀಲ ತೂಗುಹಾಕಿ ಎರಡು ಜೊತೆ ಬಟ್ಟೆ, ಮಳೆ ಕೋಟು, ಒಂದು ಡಬ್ಬಿ ಚಟ್ನಿಪುಡಿ ತುಂಬಿಕೊಂಡೆ.

ಮೊದಲ ತುತ್ತು ಷ್ವೆನಿಂಗನ್ ಸ್ಟೇಶನ್ನಿನ ಹತ್ತಿರದ ಬೇಕರಿಯಲ್ಲಿ, ಬೆಣ್ಣೆ ಹಚ್ಚಿದ ಬ್ರೆಟ್ಸೆಲ್, ಅಂದರೆ ಗಂಟಿನಾಕಾರದ ಬ್ರೆಡ್ಡು. ಇದು ಶ್ವಾಬಿಯಾ ಸೀಮೆ. ಇಲ್ಲಿಯ ಬ್ರೆಟ್ಸೆಲ್‌ಗೆ ಹೊಟ್ಟೆ ದಪ್ಪ, ತೋಳು ಸಣ್ಣ. ಹೊಟ್ಟೆಯ ಮೇಲೆ ಉದ್ದಕ್ಕೆ ಒಂದು ಸೀಳು. ಹೊಟ್ಟೆ ಹತ್ತಿಯಂತೆ, ತೋಳು ಕಟುಂ ಎನ್ನುವ ಗರಿ. ಒಂದೇ ತಿಂಡಿಯೊಳಗೆ ಎರಡು ತಿಂಡಿ. ಬೇಯಿಸುವ ಮೊದಲು ಹಿಟ್ಟನ್ನು ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ಅದ್ದುತ್ತಾರೆ. ಆ ಕ್ಷಾರದಿಂದಲೇ ಮೈಗೆ ಹೊಳೆಯುವ ಕಂದು ಬಣ್ಣ ಮತ್ತು ಬೇರೆ ಯಾವ ಬ್ರೆಡ್ಡಿಗೂ ಇಲ್ಲದ ಆ ವಾಸನೆ. ಹಪ್ಪಳಕ್ಕೆ ಪಾಪಡ್ ಖಾರ ಹಾಕಿ ನಾದಿದ ಕೈಗೆ ಇದು ತಕ್ಷಣ ಅರ್ಥವಾಗುತ್ತದೆ. ಮುಂದಿನ ಎಂಟು ದಿನವೂ ಬೆಳಗಿನ ಹತ್ತೂವರೆಗೆ ಎಲ್ಲಿದ್ದರೂ ಬ್ರೆಟ್ಸೆಲ್ ತಿಂದೆ. ಊರಿಂದೂರಿಗೆ ಉಪ್ಪು ಮತ್ತು ಗರಿ ಬೇರೆ ಬೇರೆ. ಬೆಣ್ಣೆ ಮಾತ್ರ ಎಲ್ಲಾ ಕಡೆಯೂ ಧಾರಾಳ.

ಆ ಸಂಜೆ ರೋಟ್‌ವೈಲ್. ರೋಮನ್ನರು ಕ್ರಿ.ಶ. 73ರಲ್ಲಿ ನೆಲೆಯೂರಿದ ಊರು, ಈ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲೇ ಅತ್ಯಂತ ಹಳೆಯದು. ಬಾಗಿಲ ಗೋಪುರ, ಬಣ್ಣದ ಮನೆಗಳು, ಎಲ್ಲದರಾಚೆ 246 ಮೀಟರ್ ಎತ್ತರದ ಒಂದು ಹೊಸ ಗೋಪುರ. ಅದು ಲಿಫ್ಟುಗಳನ್ನು ಪರೀಕ್ಷಿಸುವುದಕ್ಕೆಂದೇ ಕಟ್ಟಿದ್ದು. ತಿರುಚಿದ ಬಿಳಿ ಸೀರೆಯಂತೆ ಮೈಲುಗಟ್ಟಲೆ ದೂರದಿಂದ ಕಾಣುತ್ತದೆ. ಮಾರನೆಯ ದಿನ ಅರ್ಧ ದಾರಿ ಅದು ನಮ್ಮ ಬೆನ್ನ ಹಿಂದೆಯೇ ಇತ್ತು.

ಎರಡನೆಯ ದಿನ ಸೋಮವಾರ. ಮಳೆ. ರೋಟ್‌ವೈಲ್‌ನಿಂದ ಕೆಳಗೆ ಕಣಿವೆ ಕಿರಿದಾಗುತ್ತದೆ, ದಾರಿ ಹೊಳೆ ಬಿಟ್ಟು ಕಾಡಿನೊಳಗೆ ಏರುತ್ತದೆ, ಮತ್ತೆ ಇಳಿಯುತ್ತದೆ. ನಮ್ಮ ಆಗುಂಬೆ ಮಳೆಯ ಅಬ್ಬರ ಅದಕ್ಕಿಲ್ಲ. ಸಣ್ಣಗೆ, ತಣ್ಣಗೆ, ಬಿಡದೆ ಸುರಿಯುವ ಮಳೆ. ಮಧ್ಯಾಹ್ನ ಒಂದಕ್ಕೆ ಹೊಟ್ಟೆ ಹಿಂಡತೊಡಗಿತು. ಮೊದಲ ಊರಿನ ಹೋಟೆಲಿನ ಬಾಗಿಲಲ್ಲಿ "ರೂಹೆಟಾಗ್" ಎಂಬ ಹಲಗೆ. ವಿಶ್ರಾಂತಿ ದಿನ ಎಂದರ್ಥ. ಎರಡನೆಯ ಊರಲ್ಲೂ ಅದೇ. ಮೂರನೆಯದು ತೆರೆದಿತ್ತು, ಆದರೆ ನಾವು ಹೋದಾಗ ಎರಡು ಗಂಟೆ ದಾಟಿತ್ತು. ಒಲೆ ಆರಿಸಿದ್ದೇವೆ, ಇನ್ನು ಸಂಜೆ ಐದೂವರೆಗೆ ಎಂದರು. ಸಣ್ಣ ಊರುಗಳಲ್ಲಿ ಇದು ಸಾಮಾನ್ಯ: ವಾರಕ್ಕೊಂದು ಎರಡು ದಿನ ರಜೆ, ಬಹುಪಾಲು ಸೋಮವಾರ, ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಅಡಿಗೆಯಿಲ್ಲ, ಭಾನುವಾರ ಅಂಗಡಿಗಳೇ ಮುಚ್ಚಿರುತ್ತವೆ. ಸೈಕಲಿನಲ್ಲಿ ಹೋಗುವವರು ಶನಿವಾರವೇ ಹಣ್ಣು, ಬ್ರೆಡ್ಡು, ಚೀಸು ಚೀಲಕ್ಕೆ ಹಾಕಿಕೊಳ್ಳಬೇಕು. ಈ ಪಾಠ ನಾನು ಆವತ್ತು ಕಲಿತೆ.

ಕೊನೆಗೆ ಒಂದು ಬಸ್ ನಿಲ್ದಾಣದ ಸೂರಿನಡಿ ಕುಳಿತು, ಬೆಳಿಗ್ಗೆ ಉಳಿಸಿಕೊಂಡಿದ್ದ ಎರಡು ಬನ್ನಿಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಹಾರ್ಬ್ ಮುಟ್ಟುವಾಗ ನಾಲ್ಕು ಗಂಟೆ. ಜರ್ಮನರ ಮಟ್ಟಿಗೆ ಅದು ಕಾಫಿ ಮತ್ತು ಕೇಕಿನ ಹೊತ್ತು. ಬೇಕರಿಯ ಗಾಜಿನ ಹಿಂದೆ ದೊಡ್ಡ ತಗಡಿನ ತುಂಬ ನೇರಳೆ ಪ್ಲಮ್ ಹಣ್ಣಿನ ಕೇಕ್. ಸೆಪ್ಟೆಂಬರಿನಲ್ಲಿ ಮಾತ್ರ ಸಿಗುವ ಉದ್ದನೆಯ ಪ್ಲಮ್ ಅದು. ಹಣ್ಣನ್ನು ಸೀಳಿ, ಹುದುಗು ಹಿಟ್ಟಿನ ಮೇಲೆ ಹೆಂಚು ಹೊದಿಸಿದಂತೆ ಸಾಲಾಗಿ ಜೋಡಿಸಿ ಬೇಯಿಸುತ್ತಾರೆ. ಸಿಹಿ ಕಡಿಮೆ, ಹುಳಿ ಮುಂದೆ, ಕೊನೆಯಲ್ಲಿ ದಾಲ್ಚಿನ್ನಿ. ಒದ್ದೆ ಬಟ್ಟೆಯಲ್ಲೇ ನಿಂತು ತಿಂದೆ. ತಮ್ಮ ಇನ್ನೊಂದು ತುಂಡು ತಂದು ಏನೂ ಹೇಳದೆ ನನ್ನ ತಟ್ಟೆಗೆ ಜಾರಿಸಿದ.

ಮೂರನೆಯ ದಿನ ಬಿಸಿಲು ಬಂತು. ಹಾರ್ಬ್ ದಾಟಿ, ರೋಟನ್‌ಬುರ್ಗ್ ದಾಟುವಾಗ ಕಣಿವೆ ತೆರೆದುಕೊಳ್ಳುತ್ತದೆ. ದಾರಿಯ ಎರಡೂ ಕಡೆ ಸೇಬಿನ ಮರ, ಬುಡದಲ್ಲಿ ಬಿದ್ದ ಹಣ್ಣಿನ ಹುಳಿ ವಾಸನೆ. ಆವತ್ತು ಉಳಿದದ್ದು ಟ್ಯೂಬಿಂಗನ್ ಸಮೀಪದ ಹಳ್ಳಿಯೊಂದರ ವಸತಿಮನೆಯಲ್ಲಿ. ಬಾಗಿಲಲ್ಲಿ ಹಾಸಿಗೆ ಮತ್ತು ಸೈಕಲಿನ ಚಿಹ್ನೆಯ ಫಲಕ. ಜರ್ಮನಿಯ ಸೈಕಲ್ ಸವಾರರ ಸಂಘ, ಎ.ಡಿ.ಎಫ್.ಸಿ., ಇಂಥ ಮನೆಗಳಿಗೆ "ಬೆಟ್ ಪ್ಲಸ್ ಬೈಕ್" ಎಂಬ ಗುರುತು ಕೊಡುತ್ತದೆ. ಆ ಗುರುತು ಇದ್ದರೆ ಒಂದೇ ರಾತ್ರಿಗೂ ಕೋಣೆ ಕೊಡುತ್ತಾರೆ, ಸೈಕಲಿಗೆ ಬೀಗದ ಜಾಗ, ಒದ್ದೆ ಬಟ್ಟೆ ಒಣಗಿಸುವ ವ್ಯವಸ್ಥೆ, ರಿಪೇರಿಗೆ ಸಾಮಾನು ಇರುತ್ತದೆ. ಹಿಂದಿನ ದಿನದ ಮಳೆಯಾದ ಮೇಲೆ ಆ ಬಟ್ಟೆ ಒಣಗಿಸುವ ಕೋಣೆ ಕಂಡು ಜೀವ ಬಂದಂತಾಯಿತು.

ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ರಾತ್ರಿ ಊಟಕ್ಕೆ ಏನು ಎಂದು ತಮ್ಮ ಕೇಳಿದಾಗ ಷ್ಪೆಟ್ಸ್ಲೆ ಎಂದರು. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಈ ದಾರಿಯುದ್ದಕ್ಕೂ ನಾನು ಬಾಯಿಪಾಠ ಮಾಡಿಕೊಂಡಿದ್ದ ಎರಡು ಮಾತು "ಓನೆ ಫ್ಲೈಶ್, ಓನೆ ಷ್ಪೆಕ್". ಮಾಂಸ ಬೇಡ, ಹಂದಿ ಕೊಬ್ಬಿನ ಚೂರೂ ಬೇಡ ಎಂದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಿದರೆ ಸಾಲದು, ಏಕೆಂದರೆ ಇಲ್ಲಿ ಷ್ಪೆಕ್ ನಮ್ಮ ಒಗ್ಗರಣೆಯ ಸಾಸಿವೆಯ ಹಾಗೆ, ಎಲ್ಲದಕ್ಕೂ ಬೀಳುತ್ತದೆ. ಆಲೂಗಡ್ಡೆ ಸಲಾಡಿಗೂ ಮಾಂಸದ ಕಟ್ಟು ಸುರಿಯುತ್ತಾರೆ. ಕೇಳಿಯೇ ತಿನ್ನಬೇಕು, ಕೇಳಿದರೆ ಯಾರೂ ಬೇಸರಪಡುವುದಿಲ್ಲ.

"ನೋಡಬೇಕಾ?" ಎಂದು ಆಕೆ ನನ್ನನ್ನು ಅಡಿಗೆಮನೆಗೆ ಕರೆದರು. ಮೈದಾ, ಮೊಟ್ಟೆ, ಉಪ್ಪು, ಸ್ವಲ್ಪ ನೀರು. ಮರದ ಸೌಟಿನಲ್ಲಿ ಆ ಹಿಟ್ಟನ್ನು ಗುಳ್ಳೆ ಏಳುವವರೆಗೆ ಬಡಿದರು. ಆಮೇಲೆ ಕಪಾಟಿನಿಂದ ತೆಗೆದದ್ದನ್ನು ನೋಡಿ ನಾನು ಜೋರಾಗಿ "ಅಯ್ಯೋ, ಶಾವಿಗೆ ಒರಳು!" ಎಂದೆ. ಎರಡು ಹಿಡಿ, ಕೆಳಗೆ ತೂತಿನ ಬಟ್ಟಲು, ಮೇಲಿನಿಂದ ಒತ್ತುವ ಮುಚ್ಚಳ. ನಮ್ಮದು ನೆಟ್ಟಗೆ ನಿಲ್ಲುತ್ತದೆ, ಅದು ಅಡ್ಡಕ್ಕೆ ಕೈಯಲ್ಲಿ ಹಿಡಿಯುವಂಥದ್ದು, ಅಷ್ಟೇ ವ್ಯತ್ಯಾಸ. ಆದರೆ ಕೆಲಸ ತಲೆಕೆಳಗು. ಒತ್ತು ಶಾವಿಗೆಗೆ ನಾವು ಅಕ್ಕಿ ಹಿಟ್ಟಿನ ಉಂಡೆಯನ್ನು ಮೊದಲು ಬೇಯಿಸಿ, ಸುಡುಸುಡುವಾಗಿ ಒರಳಿಗೆ ಹಾಕಿ, ಇಬ್ಬರು ಸೇರಿ ಒತ್ತುತ್ತೇವೆ. ಆಕೆ ಹಸಿ ಹಿಟ್ಟನ್ನೇ ಕುದಿಯುವ ನೀರಿಗೆ ಒತ್ತಿದರು. ಎಳೆಗಳು ಮುಳುಗಿ, ಅರೆಗಳಿಗೆಯಲ್ಲಿ ಮೇಲೆ ತೇಲಿದವು. ತೇಲಿತೆಂದರೆ ಬೆಂದಿತು. ಜಾಲರಿ ಸೌಟಿನಲ್ಲಿ ಎತ್ತಿ, ಒಂದು ಪದರ ಷ್ಪೆಟ್ಸ್ಲೆ, ಒಂದು ಪದರ ತುರಿದ ಚೀಸು ಹಾಕುತ್ತಾ ಹೋದರು. ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ತನ್ನ ತಾಯಿ ಒರಳು ಮುಟ್ಟುತ್ತಿರಲಿಲ್ಲ, ಹಲಗೆಯ ಮೇಲೆ ಹಿಟ್ಟು ಸವರಿ ಚಾಕುವಿನಿಂದ ಎಳೆ ಎಳೆಯಾಗಿ ನೀರಿಗೆ ಹೆರೆಯುತ್ತಿದ್ದರು, ಅದರ ರುಚಿಯೇ ಬೇರೆ ಎಂದರು. ಪ್ರತಿ ಊರಿನಲ್ಲೂ ತಾಯಂದಿರ ಕೈ ಹೀಗೇ ನೆನಪಾಗಿ ಉಳಿದಿರುತ್ತದೆ. ಎರಡು ಸಲ ಬಡಿಸಿಕೊಂಡೆ. ಆ ದಿನ ತುಳಿದ ದೂರಕ್ಕೆ ಆ ಊಟ ಸರಿಯಾಗಿ ಹೊಂದಿತು.

ಟ್ಯೂಬಿಂಗನ್‌ನಲ್ಲಿ ಮಾರನೆಯ ದಿನ ಮಧ್ಯಾಹ್ನದವರೆಗೆ ಇದ್ದೆವು. ನನಗೆ ಇನ್ನೊಂದು ವಾರ ಬೇಕಿತ್ತು. 1477ರಲ್ಲಿ ಶುರುವಾದ ವಿಶ್ವವಿದ್ಯಾನಿಲಯದ ಊರು. ಹೊಳೆಗೆ ಮುಖ ಮಾಡಿ ನಿಂತ ಬಣ್ಣದ ಮನೆಗಳ ಸಾಲು, ಉದ್ದನೆಯ ಗಳು ಊರಿ ನಡೆಸುವ ಚಪ್ಪಟೆ ದೋಣಿಗಳು, ನಡುಗಡ್ಡೆಯ ಮೇಲೆ ಪ್ಲೇನ್ ಎಂಬ ಜಾತಿಯ ಮರಗಳ ಸಾಲು. ಆ ಮನೆಗಳ ನಡುವೆ ಒಂದು ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸು ಕೆಟ್ಟ ಮೇಲೆ 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದದ್ದು. ಅವನನ್ನು ಮನೆಗೆ ಸೇರಿಸಿಕೊಂಡದ್ದು ಒಬ್ಬ ಬಡಗಿಯ ಕುಟುಂಬ. ಮೂವತ್ತಾರು ವರ್ಷ ಅವನಿಗೆ ಊಟ ಹಾಕಿದ್ದಾರೆ. ಗೋಪುರದ ಕಿಟಕಿಯಲ್ಲಿ ನಿಂತಾಗ ಅವನ ಕವಿತೆಗಿಂತ ಆ ಮನೆಯವರೇ ಹೆಚ್ಚು ನೆನಪಾದರು.

ಮೇಲಿನ ಕೋಟೆಯ ಹಳೆಯ ಅಡಿಗೆಮನೆಗೆ ನಾನು ಹಟ ಹಿಡಿದು ಹೋದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ರಸಾಯನಶಾಸ್ತ್ರದ ಪ್ರಯೋಗಾಲಯವಾಗಿತ್ತು. 1869ರಲ್ಲಿ ಫ್ರೀಡ್ರಿಕ್ ಮೀಷರ್ ಆಸ್ಪತ್ರೆಯಿಂದ ಬಂದ ಬ್ಯಾಂಡೇಜುಗಳ ಕೀವಿನ ಕಣಗಳಿಂದ ಒಂದು ಹೊಸ ವಸ್ತು ಬೇರ್ಪಡಿಸಿ ನ್ಯೂಕ್ಲೀನ್ ಎಂದು ಹೆಸರಿಟ್ಟ. ಇಂದು ನಾವು ಡಿ.ಎನ್.ಎ. ಎನ್ನುವುದು ಅದನ್ನೇ. ನೂರಾರು ಮಕ್ಕಳಿಗೆ ಡಿ.ಎನ್.ಎ. ಏಣಿಯ ಚಿತ್ರ ಬರೆಯಿಸಿದ್ದೇನೆ. ಅದು ಮೊದಲು ಕೈಗೆ ಸಿಕ್ಕಿದ್ದು ಒಂದು ಅಡಿಗೆಮನೆಯ ಕಮಾನಿನ ಕೆಳಗೆ ಎಂದು ಅವರಿಗೆ ಹೇಳಲು ಆಗಲಿಲ್ಲವಲ್ಲ ಎನಿಸಿತು.

ಕನ್ನಡದವರಿಗೆ ಈ ಊರು ಇನ್ನೊಂದು ಕಾರಣಕ್ಕೆ ಮುಖ್ಯ. ರೆವರೆಂಡ್ ಫರ್ಡಿನಾಂಡ್ ಕಿಟೆಲ್ ತೀರಿಕೊಂಡದ್ದು ಇಲ್ಲೇ, 1903ರಲ್ಲಿ. 1894ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದಕ್ಕಾಗಿ ಇದೇ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಈ ಊರಲ್ಲೇ. ನನ್ನ ಶಾಲೆಯ ಲೈಬ್ರರಿಯಲ್ಲಿ ಬೆನ್ನು ಕಿತ್ತುಹೋದ ಒಂದು ಕಿಟೆಲ್ ಕೋಶ ಇತ್ತು. ಗಾಢ ಮಂಜಿನ ಈ ನಾಡಿನವರ ಕಿವಿಗೆ ನಮ್ಮ ಗದ್ದೆಯ, ಅಡಿಗೆಮನೆಯ, ಜಗಳದ ಮಾತುಗಳೆಲ್ಲ ಹೇಗೆ ಕೇಳಿಸಿರಬಹುದು ಎಂದು ಯೋಚಿಸುತ್ತಾ ಕಲ್ಲುಹಾಸಿನ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ನಡೆದೆ.

ಆ ಮಧ್ಯಾಹ್ನ ನ್ಯೂರ್ಟಿಂಗನ್‌ನಲ್ಲಿ ಬೇಳೆ ಸಿಕ್ಕಿತು. ಬೇಳೆ ಎಂದು ಬರೆಯುವಾಗಲೂ ಸಂತೋಷವಾಗುತ್ತದೆ. ಶ್ವಾಬಿಯಾದವರ ಮನೆ ಊಟ ಎಂದರೆ ಮಸೂರದಂಥ ಕಾಳಿನ ಹುಳಿ ಮತ್ತು ಷ್ಪೆಟ್ಸ್ಲೆ. ಪಕ್ಕದಲ್ಲಿ ಸಾಸೇಜು, ಅದನ್ನು ಬೇಡವೆಂದೆ. ಕಾಳಿಗೆ ಷ್ಪೆಕ್ ಹಾಕದೆ ಮಾಡುವ ಹೋಟೆಲನ್ನು ತಮ್ಮ ಮೊದಲೇ ಹುಡುಕಿಟ್ಟಿದ್ದ. ಹುಣಿಸೆ ಜಾಗದಲ್ಲಿ ವಿನಿಗರ್. ಒಗ್ಗರಣೆ ಇಲ್ಲ, ಖಾರ ಇಲ್ಲ, ಆದರೂ ಬೇಳೆ ಬೇಳೆಯೇ. ಹೊಟ್ಟೆಗೆ ಗುರುತು ಸಿಗುತ್ತದೆ. ಊರಿನಾಚೆ ನೀಲಿಯಾಗಿ ಕಾಣುವ ಶ್ವಾಬಿಯನ್ ಆಲ್ಬ್ ಬೆಟ್ಟಸಾಲಿನ ಕಲ್ಲು ನೆಲದಲ್ಲಿ ಹಿಂದೆ ಈ ಕಾಳನ್ನು ಬೆಳೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅದು ನಿಂತುಹೋಗಿ, ಊರಿನ ಬೀಜವೇ ಕಳೆದುಹೋಯಿತು. 2006ರಲ್ಲಿ ಆ ಹಳೆಯ ತಳಿಗಳು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಬೀಜ ಸಂಗ್ರಹಾಲಯದಲ್ಲಿ ಪತ್ತೆಯಾದವು. ಅಲ್ಲಿಂದ ಬಂದ ಹಿಡಿ ಹಿಡಿ ಕಾಳನ್ನು ಹೆಚ್ಚಿಸಿ ಈಗ ಮತ್ತೆ ರೈತರು ಬೆಳೆಯುತ್ತಿದ್ದಾರೆ. ಕಾಳಿನ ಗಿಡ ತಾನೇ ನೆಟ್ಟಗೆ ನಿಲ್ಲದು; ಓಟ್ಸ್ ಅಥವಾ ಬಾರ್ಲಿ ಜೊತೆಗೆ ಬಿತ್ತಿ ಅದನ್ನೇ ಆಸರೆಯಾಗಿ ಕೊಡುತ್ತಾರಂತೆ. ರಾಗಿ ಸಾಲಿನ ನಡುವಿನ ಅವರೆ, ತೊಗರಿ ನೆನಪಾಯಿತು.

ಪ್ಲೋಖಿಂಗನ್‌ನಲ್ಲಿ ಹೊಳೆ ಚಕ್ಕನೆ ತಿರುಗುತ್ತದೆ, ಅಗಲವಾಗುತ್ತದೆ, ಅಲ್ಲಿಂದ ಮುಂದೆ ಸರಕಿನ ಹಡಗು ಓಡುತ್ತವೆ. ಮಾನ್‌ಹೈಮ್‌ವರೆಗೆ 27 ನೀರಿನ ಬಾಗಿಲುಗಳು. ಹಡಗನ್ನು ಒಂದು ತೊಟ್ಟಿಯೊಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ಇಳಿಸಿ ಕೆಳಗಿನ ಮಟ್ಟಕ್ಕೆ ಕಳಿಸುವುದನ್ನು ಒಂದು ಕಡೆ ಮುಕ್ಕಾಲು ಗಂಟೆ ನಿಂತು ನೋಡಿದೆವು. ರಾತ್ರಿ ಎಸ್ಲಿಂಗನ್. ಮೋಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ ಊರು. ಮರದ ತೊಲೆಗಳು ಹೊರಗೆ ಕಾಣುವ ಹದಿಮೂರನೆಯ ಶತಮಾನದ ಮನೆಗಳಲ್ಲಿ ಇವತ್ತಿಗೂ ಜನ ಬಟ್ಟೆ ಒಣಗಿಸುತ್ತಾರೆ. ಅಲ್ಲಿ ತಿಂದದ್ದು ಮೌಲ್‌ಟಾಷನ್, ಕಡುಬಿನ ಹಾಗೆ ಹೂರಣ ತುಂಬಿ ಮಡಚಿದ ಚೌಕ. ಉಪವಾಸದ ದಿನಗಳಲ್ಲಿ ಸನ್ಯಾಸಿಗಳು ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟರು ಎಂಬುದು ಜನ ಹೇಳುವ ಕಥೆ. ನನಗೆ ಪಾಲಕ್ ತುಂಬಿದ್ದು ಕೊಟ್ಟರು. ಮಾಂಸದ ಕಟ್ಟಿನಲ್ಲಿ ಮುಳುಗಿಸದೆ, ಹೋಳು ಮಾಡಿ ಮೊಟ್ಟೆಯ ಜೊತೆ ಬಾಣಲೆಯಲ್ಲಿ ಹುರಿದು ಕೊಡಿ ಎಂದು ಕೇಳಬೇಕು. ಹಾಗೆ ಹುರಿದದ್ದೇ ಹೆಚ್ಚು ರುಚಿ ಎಂಬುದು ನನ್ನ ತೀರ್ಮಾನ.

ಐದನೆಯ ದಿನ ಕಾರ್ಖಾನೆಗಳ ನಡುವೆ ಹಾದು, ಸ್ಟುಟ್‌ಗಾರ್ಟ್‌ನದೇ ಭಾಗವಾದ ಬಾಡ್ ಕಾನ್‌ಸ್ಟಾಟ್‌ನಲ್ಲಿರುವ ತಮ್ಮನ ಮನೆಗೇ ಬಂದು ಮಲಗಿದೆವು. ಈ ಭಾಗದಲ್ಲಿ ನೆಲದಿಂದ ಖನಿಜ ನೀರು ಉಕ್ಕುತ್ತದೆ. ಯುರೋಪಿನಲ್ಲಿ ಬುಡಾಪೆಸ್ಟ್ ಬಿಟ್ಟರೆ ಇಷ್ಟು ಹೇರಳ ಇನ್ನೆಲ್ಲೂ ಇಲ್ಲ. ಬೀದಿಯ ಕಾರಂಜಿಯಲ್ಲಿ ಕುಡಿದೆ. ಉಪ್ಪು, ಹಿಂದೆಯೇ ಕಬ್ಬಿಣದ ರುಚಿ. ಮನೆಯಲ್ಲಿ ತಮ್ಮನ ಹೆಂಡತಿ ಬಿಸಿ ಅನ್ನ, ಮೆಣಸಿನ ಸಾರು, ಹಪ್ಪಳ ಮಾಡಿ ಕಾದಿದ್ದಳು. ಆ ಊಟದ ಬಗ್ಗೆ ಕನ್ನಡಿಗರಿಗೆ ಹೇಳುವುದೇನಿದೆ.

ಅದರ ಮಾರನೆಯ ದಿನವೇ ಇಡೀ ಪ್ರಯಾಣದ ತಿರುಳು ಎನ್ನುತ್ತೇನೆ. ಕಾನ್‌ಸ್ಟಾಟ್ ಬಿಟ್ಟು, ಕವಿ ಷಿಲ್ಲರ್ 1759ರಲ್ಲಿ ಹುಟ್ಟಿದ ಮಾರ್‌ಬಾಖ್ ದಾಟಿದರೆ ಹೊಳೆ ಹಾವಿನಂತೆ ಸುತ್ತುತ್ತದೆ. ಸುತ್ತಿನ ಒಳಗೆ ಬಯಲು, ಹೊರಗೆ ಕಡಿದಾದ ಗುಡ್ಡ. ಗುಡ್ಡದ ಮೇಲೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಗೋಡೆಯ ನಡುವೆ ಎರಡು ಮೂರು ಸಾಲು ದ್ರಾಕ್ಷಿ, ಮತ್ತೆ ಗೋಡೆ, ಮತ್ತೆ ದ್ರಾಕ್ಷಿ. ಮೇಲಿಂದ ಕೆಳಗೆ ಇಕ್ಕಟ್ಟಾದ ಕಲ್ಲು ಮೆಟ್ಟಿಲು. ಬಿಸಿಲು ಹೀರಿದ ಕಲ್ಲು ರಾತ್ರಿಯೆಲ್ಲ ಬಳ್ಳಿಗೆ ಶಾಖ ಕೊಡುತ್ತದೆ. ಕೊಯ್ಲಿನ ಕಾಲ, ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಇಳಿಯುವವರು ಕಾಣುತ್ತಿದ್ದರು. ಹೆಸ್ಸಿಗ್‌ಹೈಮ್‌ನ ಬಂಡೆಗಳ ಕೆಳಗೆ ಒಂದು ಮನೆಯ ಬಾಗಿಲಿಗೆ ಪೊರಕೆ ಕಟ್ಟಿತ್ತು.

ತಮ್ಮ ಬ್ರೇಕ್ ಹಾಕಿದ. "ಬೇಸನ್ ತೆಗ್ದಿದಾರೆ ಅಕ್ಕಾ, ಇಳಿ." ಬೇಸನ್ ಎಂದರೆ ಪೊರಕೆ. ದ್ರಾಕ್ಷಿ ಬೆಳೆಯುವ ರೈತರು ತಮ್ಮದೇ ವೈನನ್ನು ತಮ್ಮ ಮನೆಯಲ್ಲೇ ಮಾರಬಹುದು; ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ, 40 ಜನರಿಗೆ ಮಾತ್ರ ಕೂರುವ ಜಾಗ, ಸರಳವಾದ ಊಟ. ತೆರೆದಿದೆ ಎಂಬ ಗುರುತಿಗೆ ಪೊರಕೆ. ಒಳಗೆ ಉದ್ದನೆಯ ಬೆಂಚು, ಗುರುತಿಲ್ಲದವರೆಲ್ಲ ಒತ್ತಿಕೊಂಡು ಕೂತಿದ್ದರು. ನಮಗೂ ಸರಿದು ಜಾಗ ಕೊಟ್ಟರು. ಎಲ್ಲರ ಮುಂದೆ ಬಿಸಿ ಈರುಳ್ಳಿ ಕೇಕ್, ಹೊಸದಾಗಿ ಹುದುಗುತ್ತಿರುವ ಮಬ್ಬು ಬಣ್ಣದ ವೈನು. ಕೇಕಿನಲ್ಲಿ ಷ್ಪೆಕ್ ಇತ್ತು. ನನ್ನ ಎರಡು ಮಾತು ಹೇಳಿದಾಗ ಬಡಿಸುತ್ತಿದ್ದ ಹುಡುಗಿ ಒಳಗೆ ಹೋಗಿ, ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ ಮತ್ತು ಒಂದು ಬಟ್ಟಲು ಲುಗೆಲೆಸ್‌ಕೇಸ್ ತಂದಳು. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿನಂಥ ಗಟ್ಟಿ ಹಾಲಿನ ಪದಾರ್ಥ, ಅದಕ್ಕೆ ಹಸಿ ಈರುಳ್ಳಿ ಎಲೆ, ಉಪ್ಪು. ಬಾಯಿಗಿಟ್ಟರೆ ಬೇಸಿಗೆಯ ಮೊಸರು ಬಜ್ಜಿ. ಜೊತೆಗೆ ಆವತ್ತೇ ಹಿಂಡಿದ ದ್ರಾಕ್ಷಿ ರಸ, ಗಂಟಲಿಗೆ ಅಂಟುವಷ್ಟು ಸಿಹಿ.

ಎದುರಿಗೆ ಕೂತಿದ್ದ ಮುದುಕರ ಅಂಗೈ ನಮ್ಮ ಅಡಿಕೆ ಕೊನೆಗಾರರ ಅಂಗೈಯಂತಿತ್ತು. ಮೇಲಿನ ಗೋಡೆ ಮಳೆಗೆ ಜರಿದರೆ ಕಲ್ಲನ್ನು ಕೈಯಲ್ಲೇ ಮತ್ತೆ ಜೋಡಿಸಬೇಕು, ಯಂತ್ರ ಹತ್ತುವುದಿಲ್ಲ, ಮಕ್ಕಳು ಪಟ್ಟಣಕ್ಕೆ ಹೋದರು, ಪಕ್ಕದ ಗುಡ್ಡದ ಎಷ್ಟೋ ಪಟ್ಟಿಯಲ್ಲಿ ಮುಳ್ಳು ಬೆಳೆದಿದೆ ಎಂದರು. ತಮ್ಮ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಕೆಲವು ಮಾತು ಅವನು ಹೇಳುವ ಮೊದಲೇ ನನಗೆ ತಿಳಿದಿತ್ತು. ಕೊನೆಗಾರರು ಸಿಗುವುದಿಲ್ಲ ಎಂದು ನಮ್ಮ ಕಡೆ ದಿನಾ ಕೇಳುವ ಮಾತೇ ಅದು. ಎದ್ದಾಗ ಆತ ಒಂದು ಕರಿ ದ್ರಾಕ್ಷಿ ಗೊಂಚಲನ್ನು ನನ್ನ ಹ್ಯಾಂಡಲಿನ ಬುಟ್ಟಿಯಲ್ಲಿಟ್ಟರು.

ಆ ಗೊಂಚಲು ತಿನ್ನುತ್ತಾ ಲೌಫನ್ ಸೇರಿದೆವು. ಟ್ಯೂಬಿಂಗನ್ ಗೋಪುರದಲ್ಲಿ ತೀರಿಕೊಂಡ ಹೋಲ್ಡರ್ಲಿನ್ ಹುಟ್ಟಿದ್ದು ಇಲ್ಲಿ, 1770ರಲ್ಲಿ. ನಾನು ಈ ಊರಿಗೆ ಕಾದಿದ್ದದ್ದು ಬೇರೆಯದಕ್ಕೆ. 1891ರ ಆಗಸ್ಟ್‌ನಲ್ಲಿ ಇಲ್ಲಿಯ ಹೊಳೆಯ ನೀರಿನಿಂದ ತೆಗೆದ ಮೂರು ಫೇಸಿನ ವಿದ್ಯುತ್ತನ್ನು ತಂತಿಯ ಮೇಲೆ ಸುಮಾರು 175 ಕಿ.ಮೀ. ದೂರದ ಫ್ರಾಂಕ್‌ಫರ್ಟ್‌ಗೆ ಕಳಿಸಿ, ವಸ್ತು ಪ್ರದರ್ಶನದಲ್ಲಿ ಸಾವಿರ ದೀಪ ಹೊತ್ತಿಸಿದರು, ಒಂದು ಕೃತಕ ಜಲಪಾತವನ್ನೂ ಓಡಿಸಿದರು. ಅಷ್ಟು ದೂರ ಕರೆಂಟು ಹೋಗುತ್ತದೆಂದು ಜಗತ್ತು ನಂಬಿದ್ದು ಆಗ. ಹನ್ನೊಂದು ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ಕಾವೇರಿ ನೀರಿನ ಕರೆಂಟು ಸುಮಾರು 147 ಕಿ.ಮೀ. ಹರಿದು ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಜೋಗದ ಪಕ್ಕದಲ್ಲಿ ಹುಟ್ಟಿ, ಮನೆಯ ಮೇಲೆ ಹೈಟೆನ್ಷನ್ ತಂತಿ ನೋಡುತ್ತಾ ಬೆಳೆದವಳಿಗೆ ಲೌಫನ್ ಸೇತುವೆಯ ಮೇಲೆ ಸುಮ್ಮನೆ ನಿಲ್ಲಲು ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಹೈಲ್‌ಬ್ರಾನ್‌ನಲ್ಲಿ ಹೆಚ್ಚು ನಿಲ್ಲಲಿಲ್ಲ. ನಮ್ಮ ಅಂಗಡಿಗಳಲ್ಲೂ ಸಿಗುವ ನಾರ್ ಸೂಪಿನ ಕಂಪನಿ 1838ರಲ್ಲಿ ಶುರುವಾದದ್ದು ಈ ಊರಲ್ಲಿ. ಬಾಡ್ ವಿಂಪ್ಫನ್‌ಗೆ ಕಡಿದಾದ ಏರು. ಮೇಲೆ ಗೋಪುರಗಳ ಊರು, ಕೆಳಗೆ ಹೊಳೆಯ ಬಾಗು. ಅಲ್ಲಿಂದ ಮುಂದೆ ದ್ರಾಕ್ಷಿ ಮುಗಿದು ಓಡನ್‌ವಾಲ್ಡ್ ಕಾಡು, ಕೆಂಪು ಮರಳುಗಲ್ಲು, ತಿರುವಿಗೊಂದು ಕೋಟೆ. ನೆಕ್ಕರ್‌ಸ್ಟೈನಾಖ್ ಎಂಬ ಒಂದೇ ಪುಟ್ಟ ಊರಿಗೆ ನಾಲ್ಕು ಕೋಟೆ. ಎಂಟನೆಯ ದಿನ ಸಂಜೆ ಹೈಡೆಲ್‌ಬರ್ಗ್. ಒಡೆದ ಕೋಟೆ ಸಂಜೆ ಬಿಸಿಲಿಗೆ ಕೆಂಪಾಗುವುದು ನಿಜಕ್ಕೂ ಚೆಂದ. ಕೋಟೆಯ ನೆಲಮಾಳಿಗೆಯಲ್ಲಿ 1751ರ ಒಂದು ಮರದ ಪೀಪಾಯಿ ಇದೆ, ಎರಡು ಲಕ್ಷ ಲೀಟರಿಗೂ ಹೆಚ್ಚು ವೈನು ಹಿಡಿಯುವಂಥದ್ದು. ರೈತರು ತೆರಿಗೆಯಾಗಿ ಕೊಟ್ಟ ವೈನನ್ನೆಲ್ಲ ಒಂದೇ ಕಡೆ ಸುರಿಯುತ್ತಿದ್ದರು. ಬೇಸನ್‌ನ ಮುದುಕರ ಅಂಗೈ ನೆನಪಾಗಿ ಆ ಪೀಪಾಯಿ ನನಗೆ ಹಿಡಿಸಲಿಲ್ಲ.

ಕೊನೆಯ ದಿನ ಬಯಲು. ಗಾಳಿ ಬೆನ್ನಿಗೆ. ಮಧ್ಯಾಹ್ನದ ಮೊದಲೇ ಮಾನ್‌ಹೈಮ್. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು, ನೆಲಕ್ಕೆ ಕಾಲು ಒದೆಯುತ್ತಾ ಈ ಊರಿಂದ ಷ್ವೆಟ್ಸಿಂಗನ್ ರಸ್ತೆಯಲ್ಲಿ ಹೊರಟ. ಅದಕ್ಕೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ. ನಮ್ಮ ಸೈಕಲಿನ ಮುತ್ತಜ್ಜ ಅದು. ನಾವು ಮೊದಲು ಊರು ದಾಟಿ ಹೊಳೆಯ ತುದಿಗೆ ಹೋದೆವು. ಆಚೆ ದಡದಲ್ಲಿ ರಾಸಾಯನಿಕ ಕಾರ್ಖಾನೆಯ ಚಿಮಣಿಗಳು, ನಡುವೆ ಸರಕಿನ ಹಡಗು. ರೈನ್ ಅಗಲಕ್ಕೆ, ಅವಸರದಲ್ಲಿ ಹರಿಯುತ್ತಿತ್ತು. ನೆಕ್ಕರ್ ಸದ್ದಿಲ್ಲದೆ ಅದರೊಳಗೆ ಸರಿದುಹೋಗುತ್ತಿತ್ತು. ದಡಕ್ಕಿಳಿದು ನೀರು ಮುಟ್ಟಿದೆ.

ಆಮೇಲೆ ಐಸ್‌ಕ್ರೀಂ. ತಮ್ಮ ಇದನ್ನು ಒಂಬತ್ತು ದಿನ ಗುಟ್ಟಾಗಿ ಇಟ್ಟುಕೊಂಡಿದ್ದ. ತಟ್ಟೆಯಲ್ಲಿ ಬಂದದ್ದು ಶಾವಿಗೆ. ಮೇಲೆ ಕೆಂಪು ಸಾಸು, ಬಿಳಿ ತುರಿ. ಚಮಚ ಇಟ್ಟರೆ ಎಳೆಗಳು ವೆನಿಲಾ ಐಸ್‌ಕ್ರೀಂ, ಸಾಸು ಸ್ಟ್ರಾಬೆರಿ, ತುರಿ ಬಿಳಿ ಚಾಕೊಲೇಟ್. 1969ರಲ್ಲಿ ಈ ಊರಿನ ದಾರಿಯೋ ಫಾಂಟನೆಲ್ಲಾ, ತಂಪು ಮಾಡಿದ ಷ್ಪೆಟ್ಸ್ಲೆ ಒರಳಿಗೆ ಐಸ್‌ಕ್ರೀಂ ತುಂಬಿ ಒತ್ತಿ ಇದನ್ನು ಕಂಡುಹಿಡಿದದ್ದು. ಈಗ ಜರ್ಮನಿಯ ಊರೂರಲ್ಲೂ ಸಿಗುತ್ತದೆ. ಒತ್ತುವಾಗ ಎಳೆಯ ನಡುವೆ ಗಾಳಿ ಸೇರುವುದರಿಂದ ಐಸ್‌ಕ್ರೀಂ ಹಗುರಾಗಿ, ನಾಲಗೆಯ ಮೇಲೆ ಬೇಗ ಕರಗುತ್ತದೆ. "ಒರಳು!" ಎಂದೆ. ತಮ್ಮ ಚೀಲದಿಂದ ಕಾಗದದಲ್ಲಿ ಸುತ್ತಿದ ಒಂದು ಭಾರದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಹೈಲ್‌ಬ್ರಾನ್‌ನ ಪಾತ್ರೆ ಅಂಗಡಿಯಲ್ಲಿ ನಾನು ಹೊರಗೆ ಸೈಕಲ್ ಕಾಯುತ್ತಿದ್ದಾಗ ಕೊಂಡಿದ್ದನಂತೆ.

ಸಾಗರಕ್ಕೆ ಬಂದ ವಾರ ಅದರಲ್ಲೇ ಅಕ್ಕಿ ಉಂಡೆ ಬೇಯಿಸಿ ಒತ್ತಿದೆ. ತೂತು ದೊಡ್ಡದು, ಹಿಡಿ ಅಡ್ಡಕ್ಕೆ, ಗಟ್ಟಿ ಹಿಟ್ಟಿಗೆ ಕೈಬಲ ಸಾಲದು; ಅಮ್ಮ ಎದ್ದು ಬಂದು ಇನ್ನೊಂದು ಹಿಡಿ ಹಿಡಿದಳು. ಬೆರಳು ಗಾತ್ರದ ಶಾವಿಗೆ ಬಿತ್ತು. ಕಾಯಿಹಾಲು ಬೆಲ್ಲ ಹಾಕಿಕೊಂಡು ತಿಂದೆವು.